ಬೋಲ್ಟು ಬಿಗಿದ ಮೇಲೆ

ಬೀಡ್‌ಲಾಕ್ ರಿಂಗ್ ಹಾಕೋದು ಹೇಗೆ ಅಂತ ತೋರಿಸೋ ವಿಡಿಯೋಗಳನ್ನ ಹತ್ತು ನೋಡಿದ್ರೆ ನೂರು ನೋಡಿದ ಹಾಗೆ. ಅಮೆರಿಕದ ಯಾವುದೋ ಊರಿನ ದೊಡ್ಡ ಗ್ಯಾರೇಜು. ಟೋಪಿ ಹಾಕಿದ ಒಬ್ಬ ಮನುಷ್ಯ. ನೆಲದ ಮೇಲೆ ಹೊಸ ವೀಲು, ಪಕ್ಕದಲ್ಲಿ ತೊಡೆಯೆತ್ತರದ ಟೈರು, ಪ್ಲಾಸ್ಟಿಕ್ ಚೀಲದಲ್ಲಿ ಬೋಲ್ಟುಗಳ ರಾಶಿ. ಮೊದಲ ಎರಡು ಬೋಲ್ಟು ನಿಧಾನಕ್ಕೆ ಹಾಕಿ ತೋರಿಸ್ತಾರೆ. ಆಮೇಲೆ ಗಿಟಾರು ಶುರುವಾಗುತ್ತೆ. ಕ್ಯಾಮೆರಾ ಓಡುತ್ತೆ, ಕೈ ಓಡುತ್ತೆ, ಹನ್ನೆರಡು ಸೆಕೆಂಡಿನಲ್ಲಿ ಉಳಿದ ಮೂವತ್ತು ಬೋಲ್ಟು ಬಿಗಿದು ಕೂತಿರ್ತವೆ. ಕೊನೆಗೆ ಸಂಜೆ ಬಿಸಿಲು, ಕೆಂಪು ಬಂಡೆ, ಬಂಡೆ ಮೇಲೆ ಗೋಡೆ ಹತ್ತೋ ಹಲ್ಲಿ ಥರ ಜೀಪು. ಶುಭಂ.

ನನ್ನ ತಕರಾರು ಇಷ್ಟೇ. ಕೆಲಸ ಶುರುವಾಗೋ ಜಾಗದಲ್ಲಿ ಈ ಸಿನಿಮಾ ಮುಗಿದುಹೋಗುತ್ತೆ.

"ನಿನಗ್ಯಾಕಯ್ಯಾ ಇದೆಲ್ಲ, ನಿನ್ನತ್ರ ಇರೋದು ಒಂದು ಹಳೇ ಹ್ಯಾಚ್‌ಬ್ಯಾಕು" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಂಪನಿ ಕೆಲಸದ ಮೇಲೆ ಎರಡು ವರ್ಷ ಡೆನ್ವರ್‌ನಲ್ಲಿದ್ದಾಗ ನನ್ನ ಟೀಮಿನಲ್ಲಿದ್ದವನೊಬ್ಬನಿಗೆ ಈ ಹುಚ್ಚಿತ್ತು. ಅವನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡೋ ಹುಡುಗನಾಗಿ ನಾನು ಸೇರಿಕೊಂಡೆ. ಟ್ರಾಕ್ಟರ್ ಇದ್ದ ಮನೆಯಲ್ಲಿ ಬೆಳೆದವನಿಗೆ ಗ್ರೀಸು ಕಂಡರೆ ಕೈ ಸುಮ್ಮನಿರಲ್ಲ. ಅಲ್ಲಿಂದ ಶುರುವಾದ ವಿಡಿಯೋ ನೋಡೋ ಚಟ ಬೆಂಗಳೂರಿಗೆ ವಾಪಸ್ ಬಂದ ಮೇಲೂ ಬಿಟ್ಟಿಲ್ಲ. ಸಿನಿಮಾ ವಿಮರ್ಶೆ ಮಾಡೋರೆಲ್ಲ ಸಿನಿಮಾ ತೆಗೆದಿರ್ತಾರಾ? ಹಾಗೇ ಇದೂ ಅಂತ ಇಟ್ಕೊಳ್ಳಿ.

ಮೊದಲು ಈ ರಿಂಗಿನ ಸಂಗತಿ ಏನು ಅಂತ ಹೇಳಿಬಿಡ್ತೀನಿ. ಟೈರಿನ ಒಳಸುತ್ತಿನಲ್ಲಿ ಎರಡು ಕಡೆನೂ ದಪ್ಪನೆಯ ಅಂಚಿರುತ್ತೆ, ಅದರೊಳಗೆ ಉಕ್ಕಿನ ತಂತಿ. ಅದಕ್ಕೆ ಬೀಡ್ ಅಂತ ಹೆಸರು. ಮಾಮೂಲಿ ವೀಲಿನಲ್ಲಿ ಈ ಬೀಡನ್ನ ಹಿಡಿದಿಡೋದು ಗಾಳಿ. ಒಳಗಿನ ಗಾಳಿ ಬೀಡನ್ನ ರಿಮ್ಮಿನ ಅಂಚಿಗೆ ಒತ್ತಿ ಕೂರಿಸಿರುತ್ತೆ. 35 ಪಿಎಸ್‌ಐ ಗಾಳಿ ಇದ್ದಾಗ ಅದು ಕದಲಲ್ಲ. ಆದರೆ ಬಂಡೆ, ಮರಳು, ಕೆಸರಿಗೆ ಹೋಗೋರು ಬೇಕೂಂತಲೇ ಗಾಳಿ ಇಳಿಸ್ತಾರೆ. ಯಾಕೆ? ಲೆಕ್ಕ ಸುಲಭ. ಒಂದು ಚಕ್ರದ ಮೇಲೆ 500 ಕೆಜಿ ಭಾರ ಇದೆ ಅನ್ನಿ. 35 ಪಿಎಸ್‌ಐ ಅಂದ್ರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕೆಜಿ. ಭಾಗಿಸಿದರೆ ಟೈರು ನೆಲಕ್ಕೆ ತಾಗೋ ಜಾಗ 200 ಚದರ ಸೆಂಟಿಮೀಟರ್ ಆಸುಪಾಸು, ಅಂದ್ರೆ ಒಂದು ಎ4 ಹಾಳೆಯ ಮೂರನೇ ಒಂದು ಭಾಗ. ಅದೇ ಗಾಳಿಯನ್ನ 10 ಪಿಎಸ್‌ಐಗೆ ಇಳಿಸಿ, ಲೆಕ್ಕದ ಪ್ರಕಾರ ಜಾಗ 700 ದಾಟುತ್ತೆ, ಪೂರ್ತಿ ಹಾಳೆಗಿಂತ ಒಂಚೂರು ಜಾಸ್ತಿ. ಟೈರಿನ ಗೋಡೆಯೂ ಒಂದಿಷ್ಟು ಭಾರ ಹೊರೋದರಿಂದ ನಿಜದಲ್ಲಿ ಅಷ್ಟು ಹಿಗ್ಗಲ್ಲ. ಆದರೆ ದಿಕ್ಕು ಅದೇ. ಟೈರು ಬಂಡೆಯನ್ನ ಕೈಯಲ್ಲಿ ಹಿಡಿದ ಹಾಗೆ ಹಿಡಿಯುತ್ತೆ. ಗದ್ದೆಗೆ ಇಳಿಸೋ ಮುಂಚೆ ಟ್ರಾಕ್ಟರಿನ ಹಿಂದಿನ ಗಾಲಿಯ ಗಾಳಿ ಇಳಿಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ತೊಂದರೆ ಎಲ್ಲಿ ಬರುತ್ತೆ ಅಂದ್ರೆ, ಬೀಡನ್ನ ಹಿಡಿದಿದ್ದೇ ಆ ಗಾಳಿ. ಅದನ್ನೇ ಇಳಿಸಿಬಿಟ್ರೆ? ಗಾಡಿ ಪಕ್ಕಕ್ಕೆ ವಾಲಿ ಟೈರು ಕಲ್ಲಿನ ಸಂದಿಗೆ ಸಿಕ್ಕಿಕೊಂಡಾಗ ಬೀಡು ರಿಮ್ಮಿನಿಂದ ಕಳಚಿಕೊಳ್ಳುತ್ತೆ. ಇದ್ದ ಗಾಳಿಯೂ ಬುಸ್ಸಂತ ಹೋಗುತ್ತೆ. ಅದಕ್ಕೇ ಈ ರಿಂಗು. ರಿಮ್ಮಿನ ಹೊರಮುಖದಲ್ಲಿ ಒಂದು ಮೆಟ್ಟಿಲು ಮಾಡಿರ್ತಾರೆ. ಹೊರಗಡೆಯ ಬೀಡು ಆ ಮೆಟ್ಟಿಲ ಮೇಲೆ ಕೂರುತ್ತೆ. ಮೇಲಿಂದ ಲೋಹದ ಉಂಗುರ ಇಟ್ಟು 24 ಅಥವಾ 32 ಬೋಲ್ಟು ಹಾಕಿ ಬಿಗೀತಾರೆ. ಬ್ರೆಡ್ಡಿನ ನಡುವೆ ಪಲ್ಯ ಸಿಕ್ಕಿಕೊಂಡ ಹಾಗೆ ಬೀಡು ಸಿಕ್ಕಿಕೊಳ್ಳುತ್ತೆ. ಆಗ 5 ಪಿಎಸ್‌ಐಗೆ ಇಳಿಸಿದರೂ ಆ ಅಂಚು ಬಿಡಲ್ಲ. ಕ್ಯಾಲಿಫೋರ್ನಿಯಾದ ಜಾನ್ಸನ್ ವ್ಯಾಲಿಯಲ್ಲಿ 2007ರಿಂದ ನಡೀತಿರೋ ಕಿಂಗ್ ಆಫ್ ದ ಹ್ಯಾಮರ್ಸ್ ಅನ್ನೋ ಮರುಭೂಮಿ-ಬಂಡೆಗಳ ರೇಸಿನಂಥ ಕಡೆ ಇದು ಶೋಕಿಯಲ್ಲ, ಅಗತ್ಯ.

ಇಷ್ಟು ಅರ್ಥವಾದರೆ ಮುಂದಿನದು ಸಲೀಸು. ಮಾಮೂಲಿ ವೀಲಿನಲ್ಲಿ ಗಾಳಿ ಮಾಡ್ತಿದ್ದ ಕೆಲಸವನ್ನ ನೀವು ಬೋಲ್ಟುಗಳ ಕೈಗೆ ಕೊಟ್ಟಿದ್ದೀರಿ. ಗಾಳಿ ಒಂದೇ ಸಮ ಒತ್ತುತ್ತೆ, ಅದಕ್ಕೆ ಸುಸ್ತಿಲ್ಲ, ಕಮ್ಮಿಯಾದ್ರೆ ಗೇಜಿನಲ್ಲಿ ಕಾಣುತ್ತೆ. ಬೋಲ್ಟು ಹಾಗಲ್ಲ. 32 ಬೋಲ್ಟಿದ್ದರೆ 32 ಬೇರೆ ಬೇರೆ ಸ್ವಭಾವ. ಒಂದು ಸಡಿಲ ಆದ್ರೆ ಪಕ್ಕದವನ ಮೇಲೆ ಭಾರ. ಅದು ಹೊರಗಿಂದ ಕಾಣೋದೂ ಇಲ್ಲ.

ಈಗ ಆ ಹನ್ನೆರಡು ಸೆಕೆಂಡಿಗೆ ಬರೋಣ. ಗಿಟಾರು ಬಾರಿಸಿ ಓಡಿಸಿದ ಆ ಭಾಗದಲ್ಲಿ ಏನೇನಿತ್ತು?

ಮೊದಲನೆಯದು, ಬೀಡನ್ನ ಮೆಟ್ಟಿಲ ಮೇಲೆ ಸುತ್ತಲೂ ಸಮನಾಗಿ ಕೂರಿಸೋದು. ಒಂದು ಕಡೆ ನಾಲ್ಕು ಮಿಲಿಮೀಟರ್ ಜಾರಿದ್ರೂ ರಿಂಗು ಅಲ್ಲಿ ಎತ್ತರ, ಎದುರುಗಡೆ ತಗ್ಗು. ಆಮೇಲೆ ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ತಿರುಗಿಸಿ ಹಿಡಿಸೋದು. ಕೈಯಲ್ಲಿ ತಿರುಗದ ಬೋಲ್ಟು ಅಡ್ಡಡ್ಡ ಹೋಗ್ತಿದೆ ಅಂತ ಅರ್ಥ. ಅದನ್ನ ಮಿಷನ್ನಿನಲ್ಲಿ ತಿರುಗಿಸಿದ್ರೆ ಅಲ್ಯೂಮಿನಿಯಂ ರಿಮ್ಮಿನ ಮರೆ ಕಿತ್ತು ಬರುತ್ತೆ. ಮೂರನೆಯದು, ಎದುರುಬದುರು ಬಿಗಿಯೋದು. ಗಡಿಯಾರದ 12, ಆಮೇಲೆ 6, ಆಮೇಲೆ 3, ಆಮೇಲೆ 9. ಅದೂ ಒಂದೇ ಸಲಕ್ಕಲ್ಲ, ಕಂತಿನಲ್ಲಿ. ಮೊದಲ ಸುತ್ತು ಸುಮ್ಮನೆ ತಾಗೋವಷ್ಟು, ಎರಡನೇ ಸುತ್ತು ಅರ್ಧ, ಮೂರನೇ ಸುತ್ತು ಕಂಪನಿ ಹೇಳಿದಷ್ಟು. ನಾಲ್ಕು ಚಕ್ರಕ್ಕೆ 128 ಬೋಲ್ಟು, ಮೂರು ಸುತ್ತಿಗೆ 384 ಸಲ ಕೈ ಆಡಬೇಕು. ಸ್ಟೆಪ್ನಿಗೂ ಹಾಕಿದ್ರೆ 480.

ಇಲ್ಲಿ ಒಂದು ಅಂಕಿ ಹೇಳಲೇಬೇಕು. ಜೀಪಿನ ವೀಲ್ ನಟ್ಟು ಬಿಗಿಯೋದು 100 ಅಡಿ-ಪೌಂಡ್ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ. ಈ ರಿಂಗಿನ ಬೋಲ್ಟುಗಳಿಗೆ ಬಹಳಷ್ಟು ಕಂಪನಿಯವರು ಹೇಳೋದು 20 ಅಡಿ-ಪೌಂಡಿನ ಒಳಗೆ ಹೊರಗೆ. ಸಣ್ಣ ಬೋಲ್ಟುಗಳು, ಮೃದು ಕೆಲಸ. ವಿಡಿಯೋದಲ್ಲಿ ಟಕಟಕಟಕ ಅಂತ ಸದ್ದು ಮಾಡೋ ಇಂಪ್ಯಾಕ್ಟ್ ಗನ್ನಿಗೆ ನೂರಾರು ಅಡಿ-ಪೌಂಡ್ ತಾಕತ್ತು. ಆನೆ ಕೈಗೆ ಸೂಜಿ ಕೊಟ್ಟ ಹಾಗೆ. ಆದರೆ ಟಾರ್ಕ್ ವ್ರೆಂಚಿನ 'ಕ್ಲಿಕ್'ಗಿಂತ ಗನ್ನಿನ ಸದ್ದು ಕ್ಯಾಮೆರಾಗೆ ಚೆಂದ, ಅದಕ್ಕೇ ಗನ್ನು ಗೆಲ್ಲುತ್ತೆ.

ಇನ್ನೂ ಒಂದು ಸೂಕ್ಷ್ಮ ಇದೆ. ನಾವು ಬೋಲ್ಟು ತಿರುಗಿಸೋಕೆ ಹಾಕೋ ಬಲದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಮಾತ್ರ ಬಿಗಿತವಾಗಿ ಉಳಿಯುತ್ತೆ. ಮಿಕ್ಕಿದ್ದೆಲ್ಲ ಬೋಲ್ಟಿನ ತಲೆಯ ಕೆಳಗೆ ಮತ್ತು ಮರೆಯಲ್ಲಿ ತಿಕ್ಕಾಟಕ್ಕೆ ಹೋಗುತ್ತೆ. ಅಂದಮೇಲೆ ಮರೆಗೆ ಆಂಟಿ-ಸೀಝ್ ಪೇಸ್ಟ್ ಹಚ್ಚಿದ್ರೆ ತಿಕ್ಕಾಟ ಕಮ್ಮಿ, ಅದೇ ಟಾರ್ಕಿಗೆ ಬಿಗಿತ ಜಾಸ್ತಿ. ಒಣಗಿದ ಬೋಲ್ಟಿಗೆ ಹೇಳಿದ ಅಂಕಿಯನ್ನ ಪೇಸ್ಟ್ ಹಚ್ಚಿದ ಬೋಲ್ಟಿಗೆ ಹಾಕಿದ್ರೆ ತಲೆ ತುಂಡಾಗಬಹುದು. ಅದರ ಉಲ್ಟಾ ಮಾಡಿದ್ರೆ ಸಡಿಲ ಉಳೀಬಹುದು. ಹಾಗಾಗಿ 'ಎಷ್ಟು ಟಾರ್ಕು' ಅನ್ನೋ ಪ್ರಶ್ನೆಗೆ ಬರೀ ಅಂಕಿ ಉತ್ತರ ಅಲ್ಲ. 'ಒಣಗಿದ್ದಾ, ಹಚ್ಚಿದ್ದಾ' ಅನ್ನೋದೂ ಸೇರಿದ್ರೆ ಮಾತ್ರ ಉತ್ತರ. ನಾನು ನೋಡಿದ ವಿಡಿಯೋಗಳಲ್ಲಿ ಪೇಸ್ಟ್ ಹಚ್ಚೋದನ್ನ ತೋರಿಸ್ತಾರೆ, ಅಂಕಿನೂ ಹೇಳ್ತಾರೆ. ಎರಡಕ್ಕೂ ನಂಟಿದೆ ಅಂತ ಹೇಳಿದವರು ಬೆರಳೆಣಿಕೆಯಷ್ಟು.

ಇವೆಲ್ಲ ಬಿಟ್ಟುಹೋದದ್ದು ಸಣ್ಣ ತಪ್ಪು ಅಂತ ಕ್ಷಮಿಸಿಬಿಡಬಹುದು. ಕ್ಷಮಿಸೋಕೆ ಕಷ್ಟ ಆಗೋದು ಆಮೇಲಿನದು.

ರಿಂಗು ಒತ್ತಿಹಿಡಿದಿರೋದು ರಬ್ಬರನ್ನ. ರಬ್ಬರು ಕಬ್ಬಿಣದ ಥರ ನಿಯತ್ತಿನದಲ್ಲ. ಒತ್ತಡಕ್ಕೆ ಸಿಕ್ಕಿದ ರಬ್ಬರು ದಿನಗಳೆದಂತೆ ಕುಸಿದು ಕೂರುತ್ತೆ. ಅದು ಒಂದು ಕೂದಲಿನಷ್ಟು ಕುಸಿದರೂ ಸಾಕು, ಬೋಲ್ಟಿನ ಬಿಗಿತ ಇಳಿದಿರುತ್ತೆ. ಬೋಲ್ಟು ಒಂದು ಸುತ್ತೂ ತಿರುಗಿರಲ್ಲ, ಆದರೂ ಮೊದಲಿದ್ದ ಹಿಡಿತ ಇರಲ್ಲ. ಅದಕ್ಕೇ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ವಾಪಸ್ ಬಂದು ಎಲ್ಲ ಬೋಲ್ಟುಗಳನ್ನೂ ಮತ್ತೆ ಟಾರ್ಕ್ ಮಾಡಬೇಕು. ಆಮೇಲೆ ಇನ್ನೊಂದು ಸಲ. ಆಮೇಲೆ ಪ್ರತಿ ಕಲ್ಲುದಾರಿಯ ಪ್ರವಾಸ ಆದಮೇಲೆ, ಆ ವೀಲು ಇರೋ ತನಕ. ಇದು ರಿಪೇರಿ ಅಲ್ಲ, ಈ ವಸ್ತುವಿನ ಸ್ವಭಾವವೇ ಇದು. ರಿಂಗು ಹಾಕೋದು ಒಂದು ದಿನದ ಕೆಲಸ, ರಿಂಗಿನ ಜೊತೆ ಬಾಳೋದು ವರ್ಷಗಳ ಕೆಲಸ. ವಿಡಿಯೋದಲ್ಲಿ ಮೊದಲನೆಯದಕ್ಕೆ ಹದಿನೈದು ನಿಮಿಷ, ಎರಡನೆಯದಕ್ಕೆ ಕೊನೆಯಲ್ಲಿ ಅರ್ಧ ವಾಕ್ಯ. "ಆಗಾಗ ಚೆಕ್ ಮಾಡ್ತಿರಿ" ಅನ್ನೋದು, ಬೈ ಹೇಳೋಕೆ ಮುಂಚೆ.

ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸ್ತಿದ್ರಲ್ಲ, ನಮ್ಮ ಕಡೆ ಹಳಿ ಅಂತಾರೆ, ಅದನ್ನ ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರದ ಮೇಲೆ ಇಳಿಸಿ ನೀರು ಹುಯ್ದರೆ ಕುಗ್ಗಿ ಕಚ್ಚಿಕೊಳ್ತಿತ್ತು. ನೋಡೋಕೆ ಭಾರೀ ಜೋರಾದ ದೃಶ್ಯ, ಊರ ಮಕ್ಕಳೆಲ್ಲ ಸೇರ್ತಿದ್ರು. ಆದರೆ ಗಾಡಿ ಇಟ್ಟುಕೊಂಡವನ ಬುದ್ಧಿವಂತಿಕೆ ಗೊತ್ತಾಗ್ತಿದ್ದಿದ್ದು ಆ ದಿನ ಅಲ್ಲ, ಬೇಸಿಗೆಯಲ್ಲಿ. ಮರ ಒಣಗಿ ಕುಗ್ಗಿ ಹಳಿ ಸಡಿಲ ಆಗೋದು ಗ್ಯಾರಂಟಿ. ಹಾಗಾಗಿ ಚಕ್ರವನ್ನ ಬಿಚ್ಚಿ ಕೆರೆ ನೀರಲ್ಲಿ ನೆನೆಹಾಕೋರು, ಮರ ಉಬ್ಬಿ ಹಳಿ ಮತ್ತೆ ಬಿಗಿ ಆಗ್ಲಿ ಅಂತ. ಹಳಿ ಸಡಿಲ ಆಯ್ತು ಅಂತ ಯಾರೂ ಕಮ್ಮಾರನ್ನ ಬೈತಿರಲಿಲ್ಲ. ಹಳಿ ಅಂದ್ರೇನೇ ಸಡಿಲ ಆಗೋದು, ಗಾಡಿಯವನು ಅಂದ್ರೇನೇ ನೆನೆಹಾಕೋನು. ಕೆಂಪಗೆ ಕಾದ ಹಳಿಯನ್ನ ಮಾತ್ರ ನೋಡಿ ಮನೆಗೆ ಹೋದ ಮಕ್ಕಳಿಗೂ ಈ ವಿಡಿಯೋ ನೋಡೋರಿಗೂ ಹೆಚ್ಚು ವ್ಯತ್ಯಾಸ ಇಲ್ಲ.

ನನ್ನ ಡೆನ್ವರ್ ಗೆಳೆಯನ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಡೆನ್ವರಿನಿಂದ ಯೂಟಾ ರಾಜ್ಯದ ಮೋಆಬ್‌ಗೆ ಸುಮಾರು 570 ಕಿಲೋಮೀಟರ್, ಹೆಚ್ಚಿನದು ಐ-70 ಹೆದ್ದಾರಿ. ಜೀಪನ್ನ ಟ್ರೈಲರ್ ಮೇಲೆ ಹೇರಿಕೊಂಡು ಬರೋ ಅನುಕೂಲಸ್ಥರೂ ಇದ್ದಾರೆ, ನಮ್ಮವನು ಓಡಿಸಿಕೊಂಡೇ ಹೋಗೋನು. ಅಲ್ಲಿನ ಬಂಡೆದಾರಿ ಹತ್ತಿಪ್ಪತ್ತು ಕಿಲೋಮೀಟರ್ ಅಷ್ಟೇ. ಅಂದ್ರೆ ಆ ರಿಂಗು ಬಂಡೆ ಮೇಲೆ ಹತ್ತು ಕಿಲೋಮೀಟರ್ ಉರುಳಿದ್ರೆ, ಹೆದ್ದಾರಿಯಲ್ಲಿ ಸಾವಿರಕ್ಕೂ ಮೇಲೆ ಉರುಳುತ್ತೆ, ಅಕ್ಕಪಕ್ಕ ಮಕ್ಕಳು ಮರಿ ಕೂತ ಕಾರುಗಳ ನಡುವೆ. ಮೊದಲ ದಿನ ಸಂಜೆ ಮೋಟೆಲ್ಲಿನ ಅಂಗಳದಲ್ಲಿ ಉಳಿದವರು ಬಿಯರ್ ತೆಗೆದು ಕೂತಾಗ ಇವನು ತಲೆಗೆ ದೀಪ ಕಟ್ಟಿಕೊಂಡು ಟಾರ್ಕ್ ವ್ರೆಂಚ್ ಹಿಡಿದು ಕೂತ. ನಾನು ಬೋಲ್ಟು ಎಣಿಸ್ತಾ ಹೋದೆ. ಹೆಚ್ಚಿನವು ತಕ್ಷಣ ಕ್ಲಿಕ್ ಅಂದವು. ಒಂದೊಂದು ಕಡೆ ಸಾಲಾಗಿ ಮೂರು ನಾಲ್ಕು ಬೋಲ್ಟು ಕ್ಲಿಕ್ ಅನ್ನೋಕೆ ಮುಂಚೆ ಸ್ವಲ್ಪ ತಿರುಗಿದವು. ಅಷ್ಟೇ ನಡೆದಿದ್ದು. ಆ ಮುಕ್ಕಾಲು ಗಂಟೆಯನ್ನ ಯಾರೂ ವಿಡಿಯೋ ಮಾಡಲಿಲ್ಲ, ಮಾಡಿದ್ರೂ ಯಾರೂ ನೋಡಲ್ಲ. ಆದರೆ ಮಾರನೇ ದಿನ ಆ ಗಾಡಿಯಲ್ಲಿ ನಾನು ಧೈರ್ಯವಾಗಿ ಕೂತಿದ್ದು ಆ ಮುಕ್ಕಾಲು ಗಂಟೆಯ ಬಲದಿಂದ.

ಚಕ್ರದ ರಿಂಗು ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗೋದು ಇನ್ನೊಂದು, ಹಳೇ ಲಾರಿಗಳ ಲಾಕ್ ರಿಂಗು. ಟ್ಯೂಬ್ ಇರೋ ಲಾರಿ ಟೈರನ್ನ ರಿಮ್ಮಿಗೆ ಹಾಕಿ, ಬಿಟ್ಟುಹೋಗದ ಹಾಗೆ ಪಕ್ಕದಲ್ಲಿ ಒಂದು ಉಕ್ಕಿನ ರಿಂಗು ಕೂರಿಸ್ತಾರಲ್ಲ, ಅದು. ಎರಡೂ ರಿಂಗೇ, ಎರಡರ ಕೆಲಸವೂ ಟೈರನ್ನ ಹಿಡಿಯೋದೇ. ಆದರೆ ತರ್ಕ ಪೂರ್ತಿ ಉಲ್ಟಾ. ಲಾರಿ ರಿಂಗಿಗೆ ಬೋಲ್ಟಿಲ್ಲ, ಒಳಗಿನ ಗಾಳಿಯೇ ಅದನ್ನ ರಿಮ್ಮಿಗೆ ಒತ್ತಿ ಕೂರಿಸೋದು. ಸರಿಯಾಗಿ ಕೂರದೆ ಗಾಳಿ ತುಂಬಿದ್ರೆ ರಿಂಗು ಗುಂಡಿನ ಹಾಗೆ ಹಾರುತ್ತೆ. ಹೀಗೆ ಸತ್ತವರು ನಮ್ಮಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ಅಲ್ಲಿನ ಸರ್ಕಾರ 1980ರಲ್ಲಿ ಕಾರ್ಮಿಕರ ರಕ್ಷಣೆಗೆ ನಿಯಮ ತಂದು, ಇಂಥ ಚಕ್ರಕ್ಕೆ ಗಾಳಿ ತುಂಬುವಾಗ ಕಬ್ಬಿಣದ ಪಂಜರದಂಥ ತಡೆಯೊಳಗೆ ಇಡಬೇಕು ಅಂತ ಕಡ್ಡಾಯ ಮಾಡಿತು.

ಹೈವೇ ಪಕ್ಕದ ನಮ್ಮ ಪಂಚರ್ ಅಂಗಡಿಯಲ್ಲಿ ಪಂಜರ ಇರಲಿಲ್ಲ. ಆದರೆ ರಿಂಗಿನ ಕಡೆ ನೆಲಕ್ಕೆ ಮುಖ ಮಾಡಿಸಿ, ಸಂದಿಯಲ್ಲಿ ದಪ್ಪ ಲಿವರ್ ತೂರಿಸಿ, ಆಮೇಲೆ ಗಾಳಿ ಬಿಡೋ ಪದ್ಧತಿ ಇತ್ತು. ಟ್ರಾಕ್ಟರ್ ಟ್ಯೂಬು ತಗೊಂಡು ಹೋದಾಗ "ಅಣ್ಣ, ಇನ್ನೂ ಎಷ್ಟೊತ್ತಾಗುತ್ತೆ" ಅಂತ ಹತ್ತಿರ ಹೋದ್ರೆ ಮೊದಲ ಮಾತು "ಏಯ್, ಆ ಕಡೆ ಸರ್ಕೊಳಪ್ಪ" ಅಂತ. ಕೆಲಸಕ್ಕೆ ಸೇರಿದ ಹುಡುಗನಿಗೆ ಅಲ್ಲಿ ಮೊದಲ ಪಾಠ ರಿಂಗು ಹಾಕೋದಲ್ಲ, ಎಲ್ಲಿ ನಿಲ್ಲಬಾರದು ಅನ್ನೋದು. ವಿದ್ಯೆ ಅಂದ್ರೆ ಅದು. ಕೈ ಏನು ಮಾಡ್ಬೇಕು ಅನ್ನೋದು ಅದರ ಅರ್ಧ ಭಾಗ ಮಾತ್ರ. ದೇಹ ಎಲ್ಲಿರಬೇಕು, ಯಾವಾಗ ವಾಪಸ್ ಬಂದು ನೋಡಬೇಕು, ಯಾವ ಸದ್ದು ಕೇಳಿದ್ರೆ ನಿಲ್ಲಿಸಬೇಕು ಅನ್ನೋದು ಇನ್ನರ್ಧ. ವಿಡಿಯೋಗಳು ಕೈಯನ್ನ ಮಾತ್ರ ಹತ್ತಿರದಿಂದ ತೋರಿಸ್ತವೆ. ಒಳಗಡೆಯ ಬೀಡು ಕೂರೋಕೆ ಗಾಳಿ ತುಂಬುವಾಗ ಟೈರಿನ ಮೇಲೆ ಬಗ್ಗಿ ನಿಂತಿರೋರನ್ನ ಎಷ್ಟೋ ಸಲ ನೋಡಿದೀನಿ. ಪ್ರತಿ ಸಲ ಆ ಪಂಚರ್ ಅಂಗಡಿಯ ಅಣ್ಣನ ದನಿ ಕಿವಿಯಲ್ಲಿ ಕೇಳುತ್ತೆ.

ಬರೀ ವಿಡಿಯೋದವರನ್ನ ಬೈದರೆ ಅನ್ಯಾಯ ಆಗುತ್ತೆ. ವಸ್ತು ಮಾಡೋ ಕಂಪನಿಗಳ ಭಾಷೆಯನ್ನೂ ಸ್ವಲ್ಪ ನೋಡಬೇಕು. ಫೋರ್ಡಿನವರು ಬ್ರಾಂಕೋ ಮತ್ತು ರ್‍ಯಾಪ್ಟರ್ ಗಾಡಿಗಳಲ್ಲಿ, ಜೀಪಿನವರು ರ್‍ಯಾಂಗ್ಲರ್ ರೂಬಿಕಾನ್‌ನ ಕೆಲವು ಮಾದರಿಗಳಲ್ಲಿ 'ಬೀಡ್‌ಲಾಕ್ ಕೇಪಬಲ್' ವೀಲ್ ಕೊಡ್ತಾರೆ. ಅಂದ್ರೆ ಬೀಡ್‌ಲಾಕ್ ಆಗಬಲ್ಲ ವೀಲು. ಶೋರೂಮಿನಿಂದ ಬರುವಾಗ ಅದು ಮಾಮೂಲಿ ವೀಲೇ, ಗಾಳಿಯೇ ಬೀಡನ್ನ ಹಿಡಿದಿರೋದು. ಅಂಚಿನ ಸುತ್ತ ಇರೋದು ಅಲಂಕಾರದ ಉಂಗುರ. ನಿಜವಾದ ರಿಂಗು ಬೇಕಂದ್ರೆ ಬೇರೆ ದುಡ್ಡು ಕೊಟ್ಟು ತಂದು, ಟೈರು ಬಿಚ್ಚಿ ಹಾಕಿಸ್ಕೋಬೇಕು.

ಈ 'ಕೇಪಬಲ್' ಅನ್ನೋ ಪದ ಇದೆಯಲ್ಲ, ಇದನ್ನ ಕಂಡುಹಿಡಿದವನಿಗೆ ನನ್ನ ನಮಸ್ಕಾರ. ಶೌರ್ಯ ಗಿರಾಕಿಗೆ, ಜವಾಬ್ದಾರಿಯೂ ಗಿರಾಕಿಗೆ, ಕಂಪನಿಗೆ ಮಾತ್ರ ಫೋಟೋ. ನಮ್ಮ ಸಾಫ್ಟ್‌ವೇರ್‌ನಲ್ಲೂ ಈ ಪದ ಧಾರಾಳವಾಗಿ ಓಡಾಡುತ್ತೆ. 'ಸಿಸ್ಟಂ ಹತ್ತು ಲಕ್ಷ ಜನರನ್ನ ತಡೆದುಕೊಳ್ಳೋಕೆ ಕೇಪಬಲ್' ಅಂದ್ರೆ ಈಗ ತಡೆದುಕೊಳ್ಳಲ್ಲ ಅಂತ ಅರ್ಥ. ಹಾಗಂತ ಇದು ಮೋಸ ಅಂತ ನಾನು ಹೇಳಲ್ಲ. ಗಾಡಿ ಕೊಳ್ಳೋ ಹೆಚ್ಚಿನವರಿಗೆ ರಿಂಗು ಬೇಕಾಗೋದೇ ಇಲ್ಲ, ರಿಂಗಿಲ್ಲದೆ ಕೊಡೋದೇ ಸರಿ. ನನ್ನ ಆಕ್ಷೇಪ ಏನಂದ್ರೆ, ಆ ಪದ ಖರೀದಿಯನ್ನ ಅರ್ಧ ದಾರಿಯಲ್ಲಿ ನಿಲ್ಲಿಸಿ, ಉಳಿದರ್ಧ ಬರೀ ಒಂದು ಶನಿವಾರದ ಕೆಲಸ ಅನ್ನೋ ಭ್ರಮೆ ಹುಟ್ಟಿಸುತ್ತೆ. ಆ ಶನಿವಾರಕ್ಕೇ ಈ ವಿಡಿಯೋಗಳು ಕಾದು ಕೂತಿರೋದು.

ಇನ್ನೂ ಒಂದು ಜಾತಿ ಇದೆ, ಬರೀ ಬೋಲ್ಟಿನ ತಲೆ ಅಂಟಿಸಿದ ವೀಲು. ರಿಂಗಿಲ್ಲ, ಬಿಗಿತ ಇಲ್ಲ, ನೋಡೋಕೆ ಮಾತ್ರ ಬೀಡ್‌ಲಾಕ್. ಬೆಂಗಳೂರಿನ ರಿಂಗ್ ರೋಡಿನಲ್ಲಿ ಕೆಸರನ್ನೇ ಕಾಣದ ಗಾಡಿಗಳಿಗೂ ಇಂಥ ಅಲಾಯ್ ಹಾಕಿರ್ತಾರೆ. ಆಫ್‌ರೋಡ್ ಮಡಿವಂತರು ಇದನ್ನ ಕಂಡರೆ ಮೂಗು ಮುರೀತಾರೆ. ನಾನು ಮುರಿಯಲ್ಲ. ಗಿಲೀಟು ಒಡವೆ ಯಾರ ಜೀವಕ್ಕೂ ಅಪಾಯ ಅಲ್ಲ. ಅದರ ಹಿಂದೆ ಇರೋದು ಮಾಮೂಲಿ ರಿಮ್ಮು, ಬೀಡನ್ನ ಗಾಳಿ ಹಿಡಿದಿದೆ, ಏನೂ ಸಡಿಲ ಆಗಲ್ಲ. ಒಂದು ವರ್ಷದಿಂದ ಯಾರೂ ಮುಟ್ಟಿ ನೋಡದ ನಿಜವಾದ ಬೀಡ್‌ಲಾಕಿಗಿಂತ ಈ ಸುಳ್ಳು ಬೀಡ್‌ಲಾಕು ಹೆದ್ದಾರಿಯಲ್ಲಿ ಸಾವಿರ ಪಾಲು ವಾಸಿ. ಸುಳ್ಳಿನ ವೀಲು ತನ್ನ ಕೆಲಸ ತಾನು ಮಾಡ್ತಿದೆ. ಮರೆತುಹೋದ ನಿಜದ ವೀಲು ಯಜಮಾನನಿಗಾಗಿ ಕಾಯ್ತಿದೆ. ಮಡಿವಂತರು ಪ್ರಾಮಾಣಿಕತೆಯನ್ನ ವಸ್ತುವಿನಲ್ಲಿ ಹುಡುಕ್ತಾರೆ, ಅದು ಇರೋದು ಅದನ್ನ ಇಟ್ಟುಕೊಂಡವನ ಅಭ್ಯಾಸದಲ್ಲಿ.

ಕಾನೂನಿನ ವಿಷಯಕ್ಕೆ ಬಂದರೆ ಅಲ್ಲೂ ಒಂದು ದಂತಕಥೆ ಇದೆ. "ಇದಕ್ಕೆ ಅಮೆರಿಕದ ಸಾರಿಗೆ ಇಲಾಖೆಯ ಅನುಮೋದನೆ ಇದೆಯಾ" ಅಂತ ಎಲ್ಲರೂ ಕೇಳ್ತಾರೆ. ಅಲ್ಲಿನ ಇಲಾಖೆ ವೀಲನ್ನಾಗಲಿ ಟೈರನ್ನಾಗಲಿ ಪರೀಕ್ಷೆ ಮಾಡಿ ಅನುಮೋದನೆ ಕೊಡೋ ಪದ್ಧತಿಯೇ ಇಲ್ಲ. ಇಲಾಖೆ ನಿಯಮ ಬರೆಯುತ್ತೆ, ಅದರ ಪ್ರಕಾರ ಮಾಡಿದೀವಿ ಅಂತ ತಯಾರಕರೇ ಹೇಳಿಕೊಳ್ಳಬೇಕು. ಹೆಚ್ಚಿನ ರಿಂಗ್ ತಯಾರಕರು ಆ ಗೊಡವೆಯೇ ಬೇಡ ಅಂತ 'ರಸ್ತೆಯ ಹೊರಗೆ ಮಾತ್ರ' ಅಂತ ಅಚ್ಚು ಹಾಕಿಬಿಡ್ತಾರೆ. ಅಚ್ಚು ಹಾಕಿದ ಕಾಗದ ಡಬ್ಬದಲ್ಲೇ ಉಳಿಯುತ್ತೆ, ರಿಂಗು ರಸ್ತೆಗೆ ಬರುತ್ತೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ನೋಂದಣಿಯಲ್ಲಿರೋ ವಿವರ ಬದಲಾಗೋ ಹಾಗೆ ಗಾಡಿಯನ್ನ ಮಾರ್ಪಡಿಸಬಾರದು ಅನ್ನುತ್ತೆ. ಆದರೆ ಬೋಲ್ಟು ಸಡಿಲ ಆಗಿದೆಯಾ ಅಂತ ಯಾವ ಸೆಕ್ಷನ್ನೂ ನೋಡಲ್ಲ. ಅದು ಯಜಮಾನನ ಮೊಣಕಾಲಿಗೆ ಬಿಟ್ಟ ವಿಷಯ.

ಡಬ್ಬದಲ್ಲಿ ಉಳಿಯೋ ಆ ಕಾಗದದ ಬಗ್ಗೆ ಒಂದು ಒಳ್ಳೆ ಮಾತು. ರಿಂಗಿನ ಜೊತೆ ಬರೋ ಸೂಚನೆಯ ಹಾಳೆಯನ್ನ ನಾನು ಓದಿದೀನಿ. ಕಪ್ಪು ಬಿಳುಪು, ಒಂದು ಕೆಟ್ಟ ಚಿತ್ರ, ನಂಬರ್ ಹಾಕಿದ ಸಾಲುಗಳು. ಸಾಹಿತ್ಯ ಅನ್ನೋಕಾಗಲ್ಲ. ಆದರೆ ಆ ಹಾಳೆಯಲ್ಲಿ ವಿಡಿಯೋದಲ್ಲಿಲ್ಲದ ಎಲ್ಲವೂ ಇದೆ. ಪೇಸ್ಟ್ ಹಚ್ಚಿದ್ರೆ ಎಷ್ಟು, ರಿಂಗಿಗೂ ರಿಮ್ಮಿಗೂ ನಡುವೆ ಸಂದಿ ಎಷ್ಟಿರಬೇಕು, ಟೈರಿನ ಬೀಡು ತೆಳ್ಳಗಿದ್ರೆ ಏನು ಮಾಡಬೇಕು, ಯಾವಾಗ ಮತ್ತೆ ಬಿಗಿಯಬೇಕು, ಬಗ್ಗಿದ ಬೋಲ್ಟನ್ನ ಯಾಕೆ ಮತ್ತೆ ಬಳಸಬಾರದು. ಮೆಚ್ಚಿಸೋ ಉದ್ದೇಶವೇ ಇಲ್ಲದ ಬರಹ ಅದು. ಓದುಗ ಬದುಕಿರಬೇಕು ಅನ್ನೋದಷ್ಟೇ ಅದರ ಆಸೆ. ವಿಡಿಯೋಗೆ ಓದುಗ ಕೊನೇ ತನಕ ನೋಡಬೇಕು ಅನ್ನೋದು ಆಸೆ. ಎರಡು ಆಸೆಗಳಿಗೂ ಎರಡು ಥರದ ವ್ಯಾಕರಣ ಹುಟ್ಟುತ್ತೆ. ಒಂದು ಸುತ್ತಿನ ಮೇಲೆ ಸುತ್ತು ಬರುತ್ತೆ, ಇನ್ನೊಂದು ಕ್ಲೈಮ್ಯಾಕ್ಸಿಗೆ ಓಡುತ್ತೆ.

ಒಳ್ಳೆ ವಿಡಿಯೋ ಇಲ್ಲವೇ ಇಲ್ಲ ಅಂತಲ್ಲ. ಒಂದನ್ನ ನಾನು ಮೂರು ಸಲ ನೋಡಿದೀನಿ. ಒಬ್ಬ ವಯಸ್ಸಾದವರು, ಸಂಗೀತ ಇಲ್ಲ, ಒಂದೇ ಕ್ಯಾಮೆರಾ, ನಲವತ್ತು ನಿಮಿಷ. ಪ್ರತಿ ಬೋಲ್ಟನ್ನೂ ಕೈಯಲ್ಲೇ ಹಿಡಿಸ್ತಾರೆ, ಬೀಡು ಸರಿಯಾಗಿ ಕೂತಿಲ್ಲ ಅಂತ ಅರ್ಧ ಕೆಲಸ ಬಿಚ್ಚಿ ಮತ್ತೆ ಶುರು ಮಾಡ್ತಾರೆ, ಅದನ್ನ ಕತ್ತರಿಸಿ ತೆಗೆದಿಲ್ಲ. ಕೊನೆಯಲ್ಲಿ ಬೇರೆ ಶರ್ಟು ಹಾಕಿಕೊಂಡು ಬರ್ತಾರೆ. ಒಂದು ವಾರ ಓಡಿಸಿದೀನಿ, ಈಗ ಮತ್ತೆ ಬಿಗೀತೀನಿ ಅಂತ ಕೂತು, ಯಾವ ಬೋಲ್ಟು ಎಷ್ಟು ತಿರುಗಿತು ಅಂತ ತೋರಿಸ್ತಾರೆ. ಆ ಬದಲಾದ ಶರ್ಟಿಗೆ ನಾನು ಹತ್ತು ಸೂರ್ಯಾಸ್ತ ಕೊಡ್ತೀನಿ. ಒಂದು ಪ್ರಕಾರವನ್ನ ವಿಮರ್ಶೆ ಮಾಡುವಾಗ ಅದರೊಳಗಿನ ಒಳ್ಳೆಯದೇ ಅಳತೆಗೋಲು ಆಗಬೇಕು. ನನ್ನ ಅಳತೆಗೋಲು ಸರಳ. ಮಾಡಿದವನು ವಾಪಸ್ ಬಂದನಾ?

ಹಾಗಾದ್ರೆ ರಿಂಗು ಹಾಕಿಸ್ಬೇಕಾ ಬೇಡ್ವಾ ಅಂತ ಕೇಳಿದ್ರೆ, ಹೆಚ್ಚಿನವರಿಗೆ ಬೇಡ ಅಂತೀನಿ. ಮಾಮೂಲಿ ರಿಮ್ಮಿನಲ್ಲೇ 15 ಪಿಎಸ್‌ಐ ತನಕ ಇಳಿಸಿ, ಅವಸರ ಮಾಡದೆ ಓಡಿಸಿದ್ರೆ ಮರಳು, ಕೆಸರು, ಕಾಡುದಾರಿ ಎಲ್ಲ ದಾಟಬಹುದು. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಹೋಗೋ ನಮ್ಮವರಿಗೆ ಅಷ್ಟು ಸಾಕು. ಒಂದಂಕಿಗೆ ಇಳಿಸಿ ಬಂಡೆ ಹತ್ತಲೇಬೇಕು ಅನ್ನೋರಿಗೆ ರಿಂಗು ಬೇಕು. ಅವರು ರಿಂಗಿನ ಜೊತೆ ಒಂದು ಒಳ್ಳೆ ಟಾರ್ಕ್ ವ್ರೆಂಚನ್ನೂ ಕೊಳ್ಳಲಿ, ಒಂದು ಪೇಂಟ್ ಪೆನ್ನನ್ನೂ ಕೊಳ್ಳಲಿ. ಬಿಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ರಿಂಗಿನ ಮೇಲೆ ಒಂದು ಗೆರೆ ಎಳೆದರೆ, ಬೋಲ್ಟು ತಿರುಗಿದ್ರೆ ಗೆರೆ ಮುರಿದು ಕಾಣುತ್ತೆ. ರಬ್ಬರು ಕುಸಿದು ಸಡಿಲ ಆಗಿದ್ದನ್ನ ಗೆರೆ ಹೇಳಲ್ಲ. ಅದನ್ನ ವ್ರೆಂಚೇ ಹೇಳಬೇಕು.

ನಮ್ಮ ಉದ್ಯೋಗದಲ್ಲಿ ಹೊಸ ಸಾಫ್ಟ್‌ವೇರ್ ಬಿಡುಗಡೆಯಾದ ದಿನ ಕೇಕ್ ಕತ್ತರಿಸ್ತಾರೆ. ಆಮೇಲೆ ಮೂರು ವರ್ಷ ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿ ಅದನ್ನ ನಡೆಸಿಕೊಂಡು ಹೋಗೋನಿಗೆ ಯಾರೂ ಕೇಕ್ ಕೊಡಲ್ಲ. ಅವನ ಫೋಟೋನೂ ಇರಲ್ಲ. ಇದು ಗಾಡಿಯವರ ರೋಗ ಮಾತ್ರ ಅಲ್ಲ, ಕಟ್ಟೋದನ್ನ ಹಬ್ಬ ಮಾಡಿ ಕಾಯೋದನ್ನ ಕಸ ಮಾಡಿದ ಎಲ್ಲರದ್ದೂ. ಊರಿಗೆ ಟ್ಯಾಂಕು ಉದ್ಘಾಟನೆ ಆಗುತ್ತೆ, ಟ್ಯಾಂಕು ತೊಳೆಯೋದಕ್ಕೆ ಉದ್ಘಾಟನೆ ಇಲ್ಲ.

ಹಾಗಾಗಿ ಮುಂದಿನ ಸಲ ಇಂಥ ವಿಡಿಯೋ ನೋಡುವಾಗ ಗಿಟಾರು ಶುರುವಾದ ಕಡೆ ನಿಲ್ಲಿಸಿ, ಏನು ಓಡಿಸಿಬಿಟ್ರು ಅಂತ ಯೋಚನೆ ಮಾಡಿ. ಹೆಚ್ಚಿನ ಸಲ ನಿಮಗೆ ಬೇಕಾದ ವಿದ್ಯೆ ಇರೋದು ಅಲ್ಲೇ. ಮಿಕ್ಕಿದ್ದು ಡಬ್ಬದೊಳಗಿನ ಹಾಳೆಯಲ್ಲಿದೆ. ಡಬ್ಬ ಬಿಸಾಡೋಕೆ ಮುಂಚೆ ಓದ್ಕೊಳ್ಳಿ.